ಬೆಳಕಿಗೆ ಹಿಡಿದ ಲಕೋಟೆ

ಕಿಟಕಿಯ ಬೆಳಕಿಗೆ ಹಿಡಿದೊಡನೆ ಲಕೋಟೆಯ ಒಳಗಿದ್ದ ಅಕ್ಷರ ಹೊರಗಿನಿಂದಲೇ ಓದಲು ಬಂತು. ‘ಬೈ’.

ಶ್ರೀಲಕ್ಷ್ಮೀ ಕೈ ಇಳಿಸಲಿಲ್ಲ. ಗೋಂದು ಹಚ್ಚಿ ಮುಚ್ಚಿದ, ಬಳಸದೆ ಉಳಿದಿದ್ದ ಖಾಕಿ ಲಕೋಟೆ. ಮುಚ್ಚಿದ ಜಾಗದ ಮೇಲೆ ನೀಲಿ ಮೊಹರು. ಮೂಲೆಯಲ್ಲಿ ತೊಂಬತ್ತೆಂಟು ಎಂಬ ಸಂಖ್ಯೆ. ಎಲ್ಲ ಸರಿಯಾಗಿತ್ತು. ಕಾಗದ ಮಾತ್ರ ತೆಳ್ಳಗಿತ್ತು.

“ನೀವೂ ಒಂದು ಸಲ ನೋಡ್ರಿ, ಜಂಬಕ್ಕ.”

ಜಂಬಕ್ಕ ತಲೆ ಎತ್ತಲಿಲ್ಲ. ಸಂಡೂರಿನ ಆ ಸಣ್ಣ ಮನೆಯ ಪಡಸಾಲೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತು, ಮುಂದಿನ ಮೊರದಲ್ಲಿದ್ದ ಹುಣಸೆಹಣ್ಣಿನ ಬೀಜ ಬಿಡಿಸುತ್ತಲೇ ಇದ್ದಳು. ನಲವತ್ತೈದರ ಹೆಂಗಸು. ಹೋದ ಆಗಸ್ಟ್‌ವರೆಗೆ ಹೊಸಪೇಟೆಯ ಮನೋಚಿಕಿತ್ಸೆಯ ನೆಮ್ಮದಿ ಕೇಂದ್ರದಲ್ಲಿ ನರ್ಸ್ ಆಗಿದ್ದವಳು. ಯಾಕೆ ಬಿಟ್ಟಳೆಂದು ಕೇಳಿದರೆ ಕೇಂದ್ರದಲ್ಲಿ ಎಲ್ಲರೂ ಬೇರೆ ಮಾತು ತೆಗೆಯುತ್ತಿದ್ದರು.

ನೆಮ್ಮದಿ ಕೇಂದ್ರದ ಅಧ್ಯಯನವನ್ನು ನಂಬಬೇಡಿ ಎಂಬ, ಹೆಸರಿಲ್ಲದ ಪತ್ರ ಜಿಲ್ಲೆಯ ಆರೋಗ್ಯ ಸಮಿತಿಯ ಕೈ ಸೇರಿ ಹತ್ತು ದಿನವಾಗಿತ್ತು. ಅದು ನಿಜವೋ ಸುಳ್ಳೋ ಎಂದು ಶ್ರೀಲಕ್ಷ್ಮೀ ಸೋಮವಾರ ಹೇಳಬೇಕಿತ್ತು. ಇಂದು ಗುರುವಾರ.

ಅಧ್ಯಯನ ಖಿನ್ನತೆಯದು. ತೊಂಬತ್ತಾರು ಜನ. ಅರ್ಧ ಜನರಿಗೆ ಆರೋಗ್ಯ ಕೇಂದ್ರದ ಗುಳಿಗೆ. ಇನ್ನರ್ಧಕ್ಕೆ ಗುಳಿಗೆ ಇಲ್ಲ, ತುಂಗಭದ್ರಾ ಡ್ಯಾಂ ಹತ್ತಿರದ ಹಾಲ್‌ನಲ್ಲಿ ವಾರಕ್ಕೊಂದರಂತೆ ಎಂಟು ಬೈಠಕ್. ಕೂತು ಮಾತಾಡುವುದು, ಮಾತಾಡಿದ್ದರಲ್ಲಿ ಒಂದನ್ನು ಮನೆಗೆ ಹೋಗಿ ಮಾಡುವುದು. ಎಂಟು ವಾರದ ಕೊನೆಗೆ ಬೈಠಕ್‌ನವರು ಗುಳಿಗೆಯವರಿಗಿಂತ ಎಷ್ಟೋ ಚೇತರಿಸಿಕೊಂಡರು ಎಂದು ಕೇಂದ್ರದ ಡಾಕ್ಟರ್ ವ್ಯಾಸರಾಜ ತಮ್ಮ ಲೇಖನದಲ್ಲಿ ಬರೆದಿದ್ದರು. ಸಮಿತಿ ಸೋಮವಾರ ಒಪ್ಪಿಬಿಟ್ಟರೆ ಕಂಪ್ಲಿಯಿಂದ ಸಂಡೂರಿನವರೆಗೆ ನೂರಾರು ಜನರ ಗುಳಿಗೆ ನಿಲ್ಲುತ್ತಿತ್ತು.

ಯಾರಿಗೆ ಯಾವುದು ಎಂಬುದನ್ನು ಲಕೋಟೆ ನಿರ್ಧರಿಸಬೇಕು. ಡಾಕ್ಟರಲ್ಲ, ನರ್ಸೂ ಅಲ್ಲ. ಬಂದವರ ಕಷ್ಟವನ್ನು ಒಂಬತ್ತು ಪ್ರಶ್ನೆ ಕೇಳಿ ಅಳೆಯಬೇಕು. ಹೆಚ್ಚೆಂದರೆ ಇಪ್ಪತ್ತೇಳು ಅಂಕ. ಅಂಕ ಏರಿದಷ್ಟೂ ಮನಸ್ಸು ಕುಸಿದಿದೆ ಎಂದರ್ಥ. ಆಮೇಲೆ ಸರದಿಯಲ್ಲಿದ್ದ ಮುಂದಿನ ಲಕೋಟೆ ಒಡೆಯಬೇಕು. ಒಳಗೆ ‘ಬೈ’ ಇದ್ದರೆ ಬೈಠಕ್, ‘ಗು’ ಇದ್ದರೆ ಗುಳಿಗೆ. ಒಡೆಯುವ ತನಕ ಒಳಗಿರುವುದು ಯಾರಿಗೂ ತಿಳಿಯಬಾರದು.

ಹೊಸಪೇಟೆಯ ಕಾಲೇಜಿನಲ್ಲಿ ಇಪ್ಪತ್ತೆಂಟು ವರ್ಷ ಸಂಖ್ಯಾಶಾಸ್ತ್ರ ಕಲಿಸಿದ ಶ್ರೀಲಕ್ಷ್ಮೀ ಇದನ್ನು ಎಷ್ಟೋ ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ತೋರಿಸಿದ್ದಳು. ಖಾಕಿ ಕಾಗದ ಇಷ್ಟು ತೆಳ್ಳಗಿರಬಹುದೆಂದು ಯಾವ ತರಗತಿಯಲ್ಲೂ ಹೇಳಿರಲಿಲ್ಲ.

“ಮೂವತ್ತೊಂದನೇ ಲಕೋಟೆ ಜೂನ್ ನಾಲ್ಕಕ್ಕೆ ಒಡದೀರಿ,” ಎಂದಳು. “ಮೂವತ್ತನೇದು ಹನ್ನೊಂದಕ್ಕೆ. ಒಂದು ವಾರ ಅದು ಡಬ್ಬಿಯೊಳಗೆ ಯಾಕ ಕಾಯ್ತು?”

ಜಂಬಕ್ಕನ ಬೆರಳು ನಿಂತವು.

“ಇಂಥವು ಹನ್ನೊಂದು ಸಿಕ್ಕಾವ. ಇನ್ನೂ ಇರಬಹುದು. ಒಂದೇ ದಿನ ಒಡದವು ಹಿಂದೆ ಮುಂದೆ ಆಗಿದ್ರ ನನಗೆ ತಿಳಿಯೋದಿಲ್ಲ.”

“ನನ್ನ ಕೈಯಿಂದ ಡಬ್ಬಿ ಬಿದ್ದಿತ್ರಿ. ಆಗ ಹಿಂದ ಮುಂದ ಆಗಿರ್ತಾವ.”

“ಹನ್ನೊಂದು ಸಲ ಬಿತ್ತೇನು?”

ಹೊರಗೆ ಅದಿರಿನ ಲಾರಿಯೊಂದು ಗೇರು ಬದಲಿಸಿ ಏರು ಹತ್ತಿತು. ಕಿಟಕಿಯ ಸರಳು ಸಣ್ಣಗೆ ನಡುಗಿದವು. ಜಂಬಕ್ಕ ಸೆರಗಿನಿಂದ ಕೈ ಒರೆಸಿಕೊಂಡು ಮೊರವನ್ನು ಪಕ್ಕಕ್ಕೆ ಸರಿಸಿದಳು.

“ಚಾ ಕುಡೀತೀರೇನ್ರಿ?”

“ಮೊದಲು ಹೇಳ್ರಿ.”

“ಹೇಳಿದ್ರ ನನ್ನ ಪೊಲೀಸಿಗೆ ಕೊಡ್ತೀರೇನು?”

“ನಾನು ಯಾರನ್ನೂ ಯಾರಿಗೂ ಕೊಡಾಕಿ ಅಲ್ಲ. ಆ ಲೇಖನ ನಂಬಬೇಕೋ ಬ್ಯಾಡೋ ಅಷ್ಟು ತಿಳಿದ್ರ ನನಗೆ ಸಾಕು.”

ಅಷ್ಟೇ ಸಾಕು ಎಂಬುದು ಪೂರ್ತಿ ನಿಜವಲ್ಲ ಎಂದು ಶ್ರೀಲಕ್ಷ್ಮಿಗೆ ಗೊತ್ತಿತ್ತು. ಗಂಡ ತೀರಿಕೊಂಡ ಮೇಲಿನ ಎರಡು ವರ್ಷ ಆಕೆಗೆ ಬೆಳಗಾದರೆ ಹಾಸಿಗೆಯಿಂದ ಏಳುವುದೇ ಒಂದು ಕೆಲಸವಾಗಿತ್ತು. ಮೊದಲ ಗುಳಿಗೆ ಹಿಡಿಸಲಿಲ್ಲ. ಎರಡನೆಯದೂ ಹಿಡಿಸಲಿಲ್ಲ. ಮೂರನೆಯದು ಬರೆದು ಕೊಟ್ಟು, ಪ್ರತಿ ಶುಕ್ರವಾರ ತಾವೇ ಫೋನ್ ಮಾಡಿ “ನಿದ್ದಿ ಬಂತೇನ್ರಿ?” ಎಂದು ಕೇಳಿದವರು ಇದೇ ವ್ಯಾಸರಾಜ. ಅದನ್ನು ಸಮಿತಿಗೆ ಮೊದಲೇ ಬರೆದು ತಿಳಿಸಿದ್ದಳು. ಆದರೂ ನೀವೇ ನೋಡಿ ಎಂದಿದ್ದರು. ತನ್ನನ್ನು ಎತ್ತಿ ನಿಲ್ಲಿಸಿದ್ದು ಗುಳಿಗೆಯೋ, ಶುಕ್ರವಾರದ ಆ ಫೋನೋ, ಅಥವಾ ಕಳೆದುಹೋದ ಎರಡು ವರ್ಷವೋ ಆಕೆಗೆ ಇಂದಿಗೂ ಹೇಳಲು ಬರುತ್ತಿರಲಿಲ್ಲ. ಒಬ್ಬಳ ಅನುಭವದಿಂದ ಅದು ತಿಳಿಯುವುದೂ ಇಲ್ಲ. ಅದಕ್ಕೇ ತೊಂಬತ್ತಾರು ಜನ ಬೇಕು, ಲಕೋಟೆ ಬೇಕು.

“ನಾನು ಹೇಳ್ತೀನಿ, ತಪ್ಪಿದ್ರ ತಿದ್ದರಿ,” ಎಂದಳು. “ಬೈಠಕ್ ಗೆಲ್ಲಬೇಕಂತ ಕೇಂದ್ರದಾಗ ಎಲ್ಲರಿಗೂ ಆಸೆ ಇತ್ತು. ನೀವು ಲಕೋಟೆ ಬೆಳಕಿಗೆ ಹಿಡದು ನೋಡಿದ್ರಿ. ಸ್ವಲ್ಪ ಗಟ್ಟಿ ಇದ್ದವರನ್ನ ಬೈಠಕ್‌ಗೆ ಹಾಕಿದ್ರಿ. ತೀರಾ ಕುಸಿದವರನ್ನ ಗುಳಿಗೆ ಕಡೆ ತಳ್ಳಿದ್ರಿ. ಗಟ್ಟಿ ಇದ್ದವರು ಚೇತರಿಸಿಕೊಂಡ್ರು. ಹೆಸರು ಬೈಠಕ್‌ಗೆ ಬಂತು.”

ಜಂಬಕ್ಕ ಆಕೆಯ ಮುಖವನ್ನೇ ನೋಡಿದಳು. ಆಮೇಲೆ ನಕ್ಕಳು. ಸಂತೋಷದ ನಗು ಅಲ್ಲ.

“ಓದಿದವ್ರು ನೀವು. ಉಲ್ಟಾ ಓದೀರಿ.”

“ಅಂದ್ರ?”

“ಕುಸಿದವ್ರನ್ನೇ ನಾ ಬೈಠಕ್‌ಗೆ ಹಾಕಿದ್ದು. ಹೌದ್ರಿ, ಬೆಳಕಿಗೆ ಹಿಡದೆ. ‘ಗು’ ಕಂಡ್ರ ಅದನ್ನ ಹಿಂದಕ್ಕ ಸರಿಸಿ ‘ಬೈ’ ಹುಡುಕಿದೆ. ಯಾಕ ಗೊತ್ತೇನು?” ಆಕೆಯ ದನಿ ಏರಿತು. “ಗುಳಿಗೆ ಅಂದ್ರ ಏನ್ರಿ? ತಿಂಗಳಿಗೊಮ್ಮೆ ಕ್ಯೂನ್ಯಾಗ ನಿಂತು ಚೀಟಿ ತೋರಿಸಿ ತರಬೇಕು. ತಿಂದ್ಯಾ, ಬಿಟ್ಯಾ ಅಂತ ಕೇಳವರಿಲ್ಲ. ಬೈಠಕ್‌ನ್ಯಾಗ ವಾರಕ್ಕೊಮ್ಮೆ ಯಾರರ ಮುಖ ನೋಡ್ತಾರ. ಬರದಿದ್ರ ಯಾಕ ಬರ್ಲಿಲ್ಲ ಅಂತ ಕೇಳ್ತಾರ. ಮನಿಯಾಗ ಯಾರೂ ಮಾತಾಡಿಸದವ್ರು ನನ್ನ ಮುಂದ ಕುಂತು ಒಂಬತ್ತು ಪ್ರಶ್ನೆಗೂ ಹೌದು ಅಂದ್ರ, ನಾ ಹೆಂಗ ಅವ್ರನ್ನ ಕ್ಯೂಗೆ ಕಳಿಸ್ಲಿ? ನೀವು ಒಂದು ದಿನ ಆ ಕುರ್ಚ್ಯಾಗ ಕುಂತು ನೋಡ್ರಿ. ಆಮ್ಯಾಲೆ ಕೇಳ್ರಿ.”

ದುರಾಸೆ ಹುಡುಕಿಕೊಂಡು ಬಂದ ಶ್ರೀಲಕ್ಷ್ಮಿಗೆ ಸಿಕ್ಕಿದ್ದು ಕನಿಕರ.

“ನಾನು ತಪ್ಪು ತಿಳಿದಿದ್ದೆ,” ಎಂದಳು. “ಆದ್ರ ನೀವು ಮಾಡಿದ್ದೂ ತಪ್ಪೇ, ಜಂಬಕ್ಕ. ಜನ ಬಾಗಿಲಿಗೆ ಬರೋದು ತೀರಾ ಕೆಟ್ಟ ದಿನ. ಜ್ವರ ಏರಿದಾಗ ತಾನೇ ಆಸ್ಪತ್ರೆಗೆ ಹೋಗ್ತೀವಿ? ಎಂಟು ವಾರದಾಗ ಅಂಥವ್ರು ಒಂದಿಷ್ಟು ತಾವಾಗೇ ಮ್ಯಾಲೆ ಬರ್ತಾರ. ಹೆಚ್ಚು ಇಳಿದವರು ಹೆಚ್ಚು ಏರಿದಂಗ ಕಾಣ್ತಾರ. ಅದು ಬೈಠಕ್‌ನಿಂದ ಆತೋ, ದಿನ ಕಳೆದು ಆತೋ ಹೇಳೋದು ಹೆಂಗ? ಬೈಠಕ್ ಖರೇನೇ ಒಳ್ಳೇದಿರಬಹುದು. ಆದ್ರ ಈಗ ಅದು ಯಾರಿಗೂ ಗೊತ್ತಾಗಂಗಿಲ್ಲ.”

ಜಂಬಕ್ಕನ ಕಣ್ಣು ತುಂಬಿತು. ಒರೆಸಿಕೊಳ್ಳಲು ಕೈ ಎತ್ತಿ, ಬೆರಳಿಗೆ ಅಂಟಿದ್ದ ಹುಳಿ ನೆನಪಾಗಿ ಇಳಿಸಿದಳು.

“ನಂಗ ಅಷ್ಟು ತಿಳೀಲಿಲ್ರಿ.”

ಆದರೆ ಶ್ರೀಲಕ್ಷ್ಮಿಯ ಮನಸ್ಸು ಆಗಲೇ ಮುಂದಕ್ಕೆ ಹೋಗಿತ್ತು. ಚೀಲದಿಂದ ಅಧ್ಯಯನದ ಅಂಕಿಗಳ ಪ್ರತಿ ತೆಗೆದು ನೆಲದ ಮೇಲೆ ಹರಡಿದಳು. ಹತ್ತು ದಿನದಿಂದ ಆಕೆಯನ್ನು ಕಾಡುತ್ತಿದ್ದದ್ದು ಅಲ್ಲಿತ್ತು. ಮೊದಲ ದಿನದ ಸರಾಸರಿ ಅಂಕ ಬೈಠಕ್‌ನವರದು ಹದಿನಾರು ದಶಾಂಶ ಒಂದು. ಗುಳಿಗೆಯವರದು ಹದಿನಾರು. ಎರಡು ಗುಂಪೂ ಸರಿಸಮ. ಲಕೋಟೆಯ ಸರದಿ ಕೆಟ್ಟಿತ್ತು, ಗುಂಪುಗಳ ತೂಕ ಕೆಟ್ಟಿರಲಿಲ್ಲ. ಎರಡೂ ಒಟ್ಟಿಗೆ ನಿಜವಾಗುವುದು ಹೇಗೆ?

“ಕುಸಿದವ್ರೆಲ್ಲ ಬೈಠಕ್‌ಗೆ ಹೋಗಿದ್ರ ಆ ಕಡೆ ಅಂಕ ಭಾಳ ಮ್ಯಾಲೆ ಇರಬೇಕಿತ್ತು. ಇಲ್ಲಿ ನೋಡ್ರಿ, ಸಮ ಅದ. ನೀವು ಹೇಳೋದು ಖರೆ ಆಗಿದ್ರ ಈ ಹಾಳಿ ಸುಳ್ಳು.”

“ನಾ ಬರೆದ ಹಾಳಿ ಸುಳ್ಳಲ್ರಿ.”

“ಅವು ಕೇಂದ್ರದಾಗ ಇಲ್ಲ. ಗೆದ್ದಲು ತಿಂದು ಹೋದ್ವು ಅಂದ್ರು.”

“ನನ್ನ ಹತ್ರ ಅದಾವಲ್ಲ.”

ಜಂಬಕ್ಕ ಎದ್ದು ಒಳಗೆ ಹೋಗಿ ಕೈ ತೊಳೆದು ಮೊಬೈಲ್ ತಂದಳು. ಗಾಜು ಒಂದು ಮೂಲೆಯಲ್ಲಿ ಸೀಳಿತ್ತು. “ಸಂಡೂರಿನ್ಯಾಗ, ಕಂಪ್ಲ್ಯಾಗ ಕುಂತು ಬರೆದ ಹಾಳಿ ಹೊಸಪೇಟಿ ಮುಟ್ಟಾಕ ಎರಡು ಮೂರು ದಿನ ಆಗ್ತಿತ್ತು. ಅದ್ಕ ಅವತ್ತೇ ಫೋಟೋ ಹೊಡದು ಕಳಿಸು ಅಂತ ಡಾಕ್ಟರ್ ಹೇಳಿದ್ರು. ಅಳಿಸಾಕ ಯಾರೂ ಹೇಳಲಿಲ್ಲ.”

ಒಂದೊಂದೇ ಫೋಟೋ ಸರಿಯುತ್ತ ಬಂತು. ಒಂಬತ್ತು ಪ್ರಶ್ನೆ, ಒಂಬತ್ತು ಉತ್ತರ, ಕೆಳಗೆ ಜಂಬಕ್ಕನ ದುಂಡು ಅಕ್ಷರದಲ್ಲಿ ಮೊತ್ತ. ಜಂಬಕ್ಕ ಓದಿದಳು, ಶ್ರೀಲಕ್ಷ್ಮೀ ಹಾಳೆಯಲ್ಲಿ ಹುಡುಕಿದಳು.

“ಮೂವತ್ತೊಂದು. ಹೊನ್ನೂರುಸ್ವಾಮಿ, ಸಂಡೂರು. ಇಪ್ಪತ್ಮೂರು.”

ಹಾಳೆಯಲ್ಲಿ ಹದಿನಾಲ್ಕು.

“ಮೂವತ್ಮೂರು. ಹೊಳೆಮ್ಮ, ಕಂಪ್ಲಿ. ಇಪ್ಪತ್ತೆರಡು.”

ಹಾಳೆಯಲ್ಲಿ ಹದಿನೈದು.

“ಮೂವತ್ತು. ಉಜ್ಜಿನಪ್ಪ, ಸಂಡೂರು. ಗುಳಿಗೆ. ಒಂಬತ್ತು.”

ಹಾಳೆಯಲ್ಲಿ ಹದಿನೇಳು.

ನಲವತ್ತರವರೆಗೆ ಬಂದು ಶ್ರೀಲಕ್ಷ್ಮೀ ಪೆನ್ನು ಕೆಳಗಿಟ್ಟಳು. ಭಾರವಿದ್ದ ಕಡೆ ಇಳಿಸಿ, ಹಗುರವಿದ್ದ ಕಡೆ ಏರಿಸಿ, ಗುಂಪುಗಳನ್ನು ಯಾರೋ ಕೂತು ಸಮ ಮಾಡಿದ್ದರು. ಲಕೋಟೆ ಕೆಟ್ಟದ್ದನ್ನು ಅವರು ಆಕೆಗಿಂತ ಮೊದಲೇ ಕಂಡಿದ್ದರು. ಕಂಡು ಮುಚ್ಚಿದ್ದರು.

“ಈ ಫೋಟೋ ಯಾರಿಗೆ ಕಳಿಸ್ತಿದ್ರಿ?”

“ಡಾಕ್ಟರಿಗೆ. ಇನ್ಯಾರಿಗೆ?”

“ಎಂಟನೇ ವಾರದ ಪ್ರಶ್ನೆ ಕೇಳಿದ್ದೂ ನೀವೇನಾ?”

“ಇಲ್ರಿ,” ಎಂದಳು ಜಂಬಕ್ಕ. “ಮೊದಲ ದಿನದ್ದು ಅಷ್ಟೇ ನಂದು. ಎಂಟನೇ ವಾರ ಬ್ಯಾರೆಯವ್ರು ಮಾಡ್ತಿದ್ರು.” ಸ್ವಲ್ಪ ಜಲ್ದಿಯೇ ಹೇಳಿದಳೇನೋ ಎಂದು ಶ್ರೀಲಕ್ಷ್ಮಿಗೆ ಅನಿಸಿತು.

ಮೊದಲ ಅಂಕಗಳು ಸುಳ್ಳಾದರೆ ಕೊನೆಯವು ನಿಜವೆಂದು ನಂಬುವುದು ಹೇಗೆ? ಅದನ್ನು ಹೇಳಬಲ್ಲವನು ಎರಡು ಕಿಲೋಮೀಟರ್ ಆಚೆ ಇದ್ದ. ಹೊನ್ನೂರುಸ್ವಾಮಿಯ ಎಂಟನೇ ವಾರದ ಅಂಕ ನಾಲ್ಕು ಎಂದು ಹಾಳೆ ಹೇಳುತ್ತಿತ್ತು. ಪೂರ್ಣ ಗುಣ. ಜಂಬಕ್ಕ ಫೋನ್ ಮಾಡಿ ಕೇಳಿದಳು, ಮಾತಾಡಲು ಒಪ್ಪಿದ. ಇಬ್ಬರೂ ಆಟೋ ಹಿಡಿದರು.

ಅದಿರಿನ ಲಾರಿಗಳನ್ನು ತೂಗುವ ವೇಬ್ರಿಡ್ಜ್‌ನಲ್ಲಿ ಅವನಿಗೆ ಕೆಲಸ. ಮೂವತ್ತಾರು ವರ್ಷದ, ಎತ್ತರದ ಆಳು. ರೆಪ್ಪೆಯ ಮೇಲೆಲ್ಲ ಕೆಂಪು ಧೂಳು. ಪಾಳಿ ಮುಗಿಸಿ ಮುಖ ತೊಳೆದು ಬಂದು, ಮನೆಯ ಮುಂದಿನ ಬೇವಿನ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿದ.

“ಕುಂದ್ರಿ ಮೇಡಂ. ಜಂಬಕ್ಕಾ, ನೀನೂ ಕುಂದ್ರು.”

“ಈಗ ಹೆಂಗ ಅದೀರಿ?” ಶ್ರೀಲಕ್ಷ್ಮೀ ಕೇಳಿದಳು.

“ಆರಾಮ್ ಅದೀನ್ರಿ. ಊಟ ಸೇರ್ತೈತಿ. ಮಗಳ ಕೂಡ ಮಾತಾಡ್ತೀನಿ. ಮೊದಲು ಅಕಿ ಅಪ್ಪಾ ಅಂದ್ರ ಭಾಳ ದೂರದಾಗ ಯಾರೋ ಕರದಂಗ ಆಗ್ತಿತ್ತು.”

“ಎಂಟು ಬೈಠಕ್‌ಗೂ ಹೋಗಿದ್ರಿ?”

ಅವನು ಜಂಬಕ್ಕನ ಕಡೆ ನೋಡಿದ. ಆಕೆ ಹೇಳು ಎಂಬಂತೆ ತಲೆ ಆಡಿಸಿದಳು.

“ಮೂರೇ ಮೂರು ಹೋದೆ. ಮಾತು ಒಳ್ಳೇವಿದ್ವು, ಸುಳ್ಳು ಯಾಕ ಹೇಳ್ಲಿ. ಆದ್ರ ನಂಗ ಅಲ್ಲಿಗೆ ಹೋಗಾಕೂ ತ್ರಾಣ ಇರಲಿಲ್ಲ. ಮೂರನೇದು ಆದ ಮ್ಯಾಲೆ ನಾಕು ದಿನ ಮ್ಯಾಲೆ ಏಳಲಿಲ್ಲ. ಹೆಂಡ್ತಿ ಕೇಂದ್ರಕ್ಕ ಫೋನ್ ಮಾಡಿ ಅತ್ಲಂತ. ಮರುದಿನ ಬೆಳಿಗ್ಗೆ ಡಾಕ್ಟರೇ ಕಾರ್ ತಗೊಂಡು ಬಂದ್ರು.”

“ಯಾವ ಡಾಕ್ಟರು?”

“ವ್ಯಾಸರಾಜ ಡಾಕ್ಟರು. ಒಂದು ತಾಸು ನನ್ನ ಮಗ್ಗಲದಾಗ ಕುಂತಿದ್ರು. ಗುಳಿಗೆ ಕೊಟ್ರು. ಇವನ್ನ ಬಿಡಬ್ಯಾಡ, ಬೈಠಕ್‌ಗೆ ಬರದಿದ್ರೂ ನಡೀತೈತಿ, ಆದ್ರ ಗುಳಿಗೆ ಕೊಟ್ಟೀನಿ ಅಂತ ಯಾರಿಗೂ ಹೇಳಬ್ಯಾಡ ಅಂದ್ರು. ತಿಂಗಳು ತಿಂಗಳು ಅವ್ರೇ ತಂದುಕೊಟ್ರು. ಇವತ್ತು ನಾನು ನಿಮ್ಮ ಮುಂದ ಕುಂತೀನಿ ಅಂದ್ರ ಅವ್ರಿಂದ.”

“ಎಂಟನೇ ವಾರ ಒಂಬತ್ತು ಪ್ರಶ್ನೆ ಯಾರು ಕೇಳಿದ್ರು?”

“ಯಾರೂ ಕೇಳಲಿಲ್ಲಲ್ರಿ.”

ಶ್ರೀಲಕ್ಷ್ಮೀ ಹಾಳೆಯ ಮೇಲಿದ್ದ ನಾಲ್ಕನ್ನು ನೋಡಿದಳು. ಈ ಮನುಷ್ಯ ಗುಣವಾಗಿದ್ದ, ಅದು ಕಣ್ಣಿಗೇ ಕಾಣುತ್ತಿತ್ತು. ಗುಣವಾದದ್ದು ಗುಳಿಗೆ ತಿಂದು. ಲೇಖನದಲ್ಲಿ ಅವನು ಗುಳಿಗೆ ಬೇಡವೆಂಬುದಕ್ಕೆ ಸಾಕ್ಷಿ.

ವ್ಯಾಸರಾಜರ ಮೇಲೆ ಸಿಟ್ಟು ಬರಬೇಕಿತ್ತು. ಬಂತು ಕೂಡ. ಆದರೆ ಅದರ ಜೊತೆಗೆ, ಈ ಮನೆಯೊಳಗೆ ಒಂದು ತಾಸು ಹಾಸಿಗೆಯ ಪಕ್ಕ ಕೂತಿದ್ದ ಡಾಕ್ಟರೂ ಕಂಡರು. ಮನುಷ್ಯ ಮುಳುಗುವುದನ್ನು ನೋಡಲಾರದವರು, ತಮ್ಮ ಸಿದ್ಧಾಂತ ಮುಳುಗುವುದನ್ನೂ ನೋಡಲಾರರೆಂದಾದರೆ ಇಂಥದ್ದು ಆಗುತ್ತದೆ. ಸೋಮವಾರ ಗುಳಿಗೆ ನಿಂತರೆ ನೂರಾರು ಮನೆಗಳ ಮುಂದೆ ಆ ಕಾರು ಬರಲಾರದು.

“ನಿಮ್ಮೊಬ್ಬರಿಗೇ ಕೊಟ್ರೇನು?”

“ಇಲ್ರಿ. ಚೀಲದಾಗ ಇನ್ನೂ ಪೊಟ್ಟಣ ಇದ್ವು. ಎಲ್ಲದ್ರ ಮ್ಯಾಲೂ ಹೆಸರು. ಪಂಚಮಿಗೆ ನಾನು ಹೆಂಡ್ತೀನ ಕರಕೊಂಡು ಅಕಿ ತವರಿಗೆ, ಮೆಟ್ರಿಗೆ ಹೊಂಟಿದ್ದೆ. ಅಲ್ಲೊಬ್ಬಾಕಿಗೆ ಕೊಡಪ್ಪ, ಫೋನ್ ಹತ್ತವಲ್ದು ಅಂತ ಒಂದು ಪೊಟ್ಟಣ ಕೊಟ್ರು. ನೀಲಗಂಗಮ್ಮ ಅಂತ. ಬೈಠಕ್‌ನ್ಯಾಗ ನೋಡಿದ್ದೆ ಅಕೀನ. ಒಂದು ಮಾತೂ ಆಡ್ತಿರಲಿಲ್ಲ.”

“ಕೊಟ್ರಾ?”

“ಮನಿ ಕೀಲಿ ಹಾಕಿತ್ರಿ. ಹಿಂದಿನ ದಿನ ಹೊಸಪೇಟಿಯಿಂದ ಕಾರ್ ಬಂದು ಅಕೀನ ಕರಕೊಂಡು ಹೋತು ಅಂದ್ರು ಬಾಜು ಮನಿಯವ್ರು. ಒಬ್ಬಾಕೇ ಇರ್ತಿದ್ಲು, ಗಂಡ ಇಲ್ಲ, ಮಕ್ಕಳಿಲ್ಲ. ಪೊಟ್ಟಣ ಇನ್ನೂ ನನ್ನ ಟ್ರಂಕಿನ್ಯಾಗ ಐತಿ. ಡಾಕ್ಟರಿಗೆ ಹೇಳಿದ್ರ, ಹೌದಾ ಅಂತ ಸುಮ್ಮನಾದ್ರು.”

ಪಂಚಮಿ ಬಂದದ್ದು ಜುಲೈ ಕೊನೆಗೆ. ಶ್ರೀಲಕ್ಷ್ಮೀ ಹಾಳೆಯ ಮೇಲೆ ಬೆರಳಾಡಿಸಿ ಆ ಸಾಲು ಹುಡುಕಿದಳು. ನೀಲಗಂಗಮ್ಮ, ಮೂವತ್ತೆಂಟು ವರ್ಷ, ಮೆಟ್ರಿ. ಎಂಟೂ ಬೈಠಕ್ ಹಾಜರು. ಆಗಸ್ಟ್ ಇಪ್ಪತ್ತೊಂದು, ಎಂಟನೇ ವಾರದ ಅಂಕ ಮೂರು.

ಪಕ್ಕದ ಅಂಕಣದಲ್ಲಿ ಪ್ರಶ್ನೆ ಕೇಳಿದವರ ಹೆಸರಿತ್ತು. ಅವಳು ಅದನ್ನು ಎರಡು ಸಲ ಓದಿದಳು. ಆಮೇಲೆ ಹಾಳೆಯನ್ನು ನಿಧಾನವಾಗಿ ತಿರುಗಿಸಿ ಪಕ್ಕದ ಕುರ್ಚಿಯತ್ತ ಹಿಡಿದಳು.

“ಎಂಟನೇ ವಾರ ಯಾರನ್ನೂ ಕೇಳಿಲ್ಲ ಅಂದ್ರಿ, ಜಂಬಕ್ಕ. ಇಲ್ಲಿ ನಿಮ್ಮ ಹೆಸರದ.”

ಜಂಬಕ್ಕ ಹಾಳೆ ಮುಟ್ಟಲಿಲ್ಲ. ಹೊನ್ನೂರುಸ್ವಾಮಿ ಇಬ್ಬರ ಮುಖವನ್ನೂ ನೋಡಿ, ನೀರು ತರುತ್ತೇನೆಂದು ಎದ್ದು ಒಳಗೆ ಹೋದ.

“ಒಬ್ಬಾಕೀನ ಅಷ್ಟೇ ಕೇಳೀನ್ರಿ,” ಎಂದಳು ಜಂಬಕ್ಕ. “ನಾ ಬರೆದದ್ದು ಮೂರಲ್ಲ. ಇಪ್ಪತ್ನಾಕು.”

“ಎಲ್ಲಿ ಕೇಳಿದ್ರಿ? ಹಾಲ್‌ನ್ಯಾಗ?”

“ಡಾಕ್ಟರ್ ಮನ್ಯಾಗ. ಮ್ಯಾಲಿನ ಖೋಲ್ಯಾಗ. ಒಬ್ಬಾಕೀನ ಬಿಟ್ರ ಅಪಾಯ, ಅದ್ಕ ಇಲ್ಲಿ ಇಟಗೊಂಡೀನಿ ಅಂದ್ರು. ಕದಕ್ಕ ಹೊರಗಿಂದ ಚಿಲಕ ಹಾಕಿದ್ರು. ನಾ ನಂಬಿದೆ. ಡಾಕ್ಟರ್ ಅಲ್ಲೇನ್ರಿ, ನಂಬದ ಏನು ಮಾಡ್ಲಿ?”

“ಆಮ್ಯಾಲೆ?”

“ನಾಕು ದಿನ ಬಿಟ್ಟು ಮತ್ತ ಹೋದೆ. ಅಕಿಗೆ ಬದನಿಕಾಯಿ ಪಲ್ಯ ಸೇರ್ತೈತಿ ಅಂದಿದ್ಲು, ಮಾಡಿಕೊಂಡು ಹೋಗಿದ್ದೆ. ಖೋಲಿ ಕದ ತಗದಿತ್ತು. ಹಾಸಿಗಿ ಇಲ್ಲ, ಅಕಿ ಚೀಲ ಇಲ್ಲ, ನೆಲ ತೊಳದಿದ್ರು. ಡಾಕ್ಟರು ಕೆಳಗ ಪೇಪರ್ ಓದಕೋತ ಕುಂತಿದ್ರು. ನೀಲಗಂಗಮ್ಮ ಎಲ್ಲ್ಯದಾಳ್ರಿ ಅಂತ ಕೇಳಿದೆ.”

ಜಂಬಕ್ಕ ಸೆರಗನ್ನು ಬಾಯಿಗೆ ಒತ್ತಿ ಹಿಡಿದಳು.

“ಪೇಪರಿನಿಂದ ಕಣ್ಣು ತಗೀಲಿಲ್ರಿ ಅವ್ರು. ‘ಯಾವ ನೀಲಗಂಗಮ್ಮ?’ ಅಂದ್ರು.”